ಕೇಳದೆ ತಿಂದ ಅರ್ಧ ಸ್ಯಾಂಡ್‌ವಿಚ್

ಅಂಗಡಿಯಲ್ಲಿ ನನ್ನ ಹಿಂದೆ ನಿಂತವರಿಗೆ ನನ್ನ ಮೇಲೆ ಸಿಟ್ಟು ಬರುತ್ತದೆ. ಬರಲೇಬೇಕು ಬಿಡಿ. ಒಂದು ಬಿಸ್ಕತ್ತಿನ ಪ್ಯಾಕೆಟ್ಟು ತಗೊಳ್ಳಲು ನಾನು ಕನ್ನಡಕ ಹುಡುಕಿ ಹಾಕಿಕೊಂಡು, ಪ್ಯಾಕೆಟ್ಟು ತಿರುವಿ, ಹಿಂದೆ ಬರೆದ ಸಣ್ಣ ಅಕ್ಷರವನ್ನೆಲ್ಲ ಮೊದಲಿನಿಂದ ಕೊನೆಯವರೆಗೆ ಓದಿ, ಅನುಮಾನ ಬಂದರೆ ಬಾಗಿಲ ಬೆಳಕಿಗೆ ಒಯ್ದು ಮತ್ತೊಮ್ಮೆ ಓದುತ್ತೇನೆ. ಹಸಿರು ಚುಕ್ಕೆ ಇದ್ದರೂ ಉಗುರಿನಿಂದ ಕೆರೆದು ನೋಡುತ್ತೇನೆ, ಯಾರಾದರೂ ಮೇಲೆ ಅಂಟಿಸಿರಬಾರದಲ್ಲ. ಗಾಂಧಿನಗರದ ನಮ್ಮ ಕಿರಾಣಿ ಅಂಗಡಿಯ ಶೆಟ್ಟರು ಒಮ್ಮೆ ತಡೆಯಲಾರದೆ, "ನಾಳೆ ಪರೀಕ್ಷಾ ಐತೇನ್ರಿ ಅಮ್ಮಾರ?" ಅಂತ ಕೇಳಿಯೇಬಿಟ್ಟರು. ಹೂಂ ಅಂದೆ. ಸುಳ್ಳೇನಲ್ಲ, ನನಗೆ ದಿನಾ ಪರೀಕ್ಷೆಯೇ.

ನನ್ನ ಹೆಸರು ಶಾಂತಾ. ತೊಟ್ಟಿಲಲ್ಲಿ ಹಾಕಿ ಈ ಹೆಸರು ಕೂಗಿದವರಿಗೆ ಮುಂದಿನದೇನು ಗೊತ್ತಿತ್ತು, ಪಾಪ. ನಾನು ಮನೆಯಲ್ಲೇ ಬ್ಲೌಸು ಹೊಲಿಯುವವಳು. ಅಳತೆ ಮೂರು ಸಲ ತಗೊಳ್ಳುತ್ತೇನೆ. ಆದರೂ ಬಟ್ಟೆಗೆ ಕತ್ತರಿ ಹಾಕುವ ಮೊದಲು ಆ ಹೆಂಗಸಿಗೆ ಫೋನು ಮಾಡಿ, "ಈ ನಡುವ ದಪ್ಪ ಏನೂ ಆಗಿಲ್ಲಲ್ಲರಿ?" ಅಂತ ಕೇಳುತ್ತೇನೆ. ಕೆಲವರು ಆಮೇಲೆ ನನ್ನ ಕಡೆ ಬರುವುದನ್ನೇ ಬಿಟ್ಟಿದ್ದಾರೆ. ಒಮ್ಮೆ ತವರುಮನೆ ಸಿರುಗುಪ್ಪಕ್ಕೆ ಹೊರಟವಳಿಗೆ, ಬಸ್ಸು ನಡುದಾರಿಯ ಮೋಕ ಊರು ಮುಟ್ಟುವ ಹೊತ್ತಿಗೆ, ಗ್ಯಾಸ್ ಬಂದ್ ಮಾಡಿದೆನೋ ಇಲ್ಲವೋ ಅಂತ ತಲೆಯಲ್ಲಿ ಹುಳ ಹೊಕ್ಕಿತು. ಅಲ್ಲೇ ಇಳಿದು ಎದುರಿನ ಬಸ್ಸು ಹಿಡಿದು ಬಳ್ಳಾರಿಗೆ ವಾಪಸ್ ಬಂದೆ. ಮನೆಯಲ್ಲಿ ಅತ್ತೆ ಇದ್ದರು, ಫೋನೂ ಇತ್ತು, ಕೇಳಬಹುದಿತ್ತಲ್ಲ ಅಂತ ನೀವು ಅನ್ನುತ್ತೀರಿ. ಕೇಳಿದ್ದರೆ ಅವರು "ನೋಡ್ತೀನಿ ತಡಿ" ಅಂತ ಎದ್ದು, ಗಡಿಬಿಡಿಯಲ್ಲಿ ಕಾಲು ಜಾರಿ ಬಿದ್ದಿದ್ದರೆ ಏನು ಮಾಡಬೇಕಿತ್ತು? ಗ್ಯಾಸ್ ಬಂದಾಗೇ ಇತ್ತು, ಅದು ಬೇರೆ ಮಾತು.

ಆದರೆ ಈ ಪ್ಯಾಕೆಟ್ಟು ಓದುವ ಚಾಳಿ ಮಾತ್ರ ಹುಟ್ಟಿನಿಂದ ಬಂದದ್ದಲ್ಲ. ಅದು ಹೋದ ಬೇಸಿಗೆಯಲ್ಲಿ ಅಂಟಿಕೊಂಡದ್ದು, ಒಂದು ಇಟಲಿ ಸ್ಯಾಂಡ್‌ವಿಚ್ಚಿನ ದೆಸೆಯಿಂದ.

ನಮ್ಮ ಅತ್ತೆಯ ವಿಷಯ ಮೊದಲು ಹೇಳಬೇಕು. ವಯಸ್ಸು ಎಂಬತ್ತೆರಡು. ನಾನೂ ಅವರೂ ಮೂವತ್ತನಾಲ್ಕು ವರ್ಷದಿಂದ ಒಂದೇ ಅಡುಗೆಮನೆಯಲ್ಲಿ ಇದ್ದವರು, ಮೊದಲು ಕುರುಗೋಡಿನದು, ಆಮೇಲೆ ಈ ಗಾಂಧಿನಗರದ್ದು. ಬೆಳಗಾಗೆದ್ದು ಸ್ನಾನ ಮಾಡಿ, ಹಣೆಗೆ ವಿಭೂತಿ ಹಚ್ಚಿ, ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಪೂಜೆ ಮುಗಿಸುವವರೆಗೆ ಒಂದು ಗುಟುಕು ನೀರೂ ಕುಡಿಯರು. ಅವರ ನೇಮದ ಬಗ್ಗೆ ನನಗೆ ಯಾವತ್ತೂ ತಕರಾರಿಲ್ಲ. ತಕರಾರು ಇದ್ದದ್ದು ಅವರ ಪ್ರಶ್ನೆಗಳ ಬಗ್ಗೆ. ನಾನು ಏನೇ ಮುಂದೆ ಇಟ್ಟರೂ ಕೈ ಹಚ್ಚುವ ಮೊದಲು ವಿಚಾರಣೆ. "ಎಲ್ಲಿಂದ ತಂದಿ? ಆ ಅಂಗಡ್ಯಾಗ ತತ್ತಿ ಮಾರ್ತಾರೇನು? ಯಾವ ಪಾತ್ರ್ಯಾಗ ಮಾಡಿದಿ? ಕೈ ತೊಳಕೊಂಡಿದ್ದೇನು?" ಮದುವೆಯಾದ ಹೊಸದರಲ್ಲಿ ಒಂದೊಂದು ಪ್ರಶ್ನೆಗೂ ಕಣ್ಣಲ್ಲಿ ನೀರು ಬರುತ್ತಿತ್ತು. ಹತ್ತು ವರ್ಷಕ್ಕೆ ಸಿಟ್ಟು ಬರತೊಡಗಿತು. ಇಪ್ಪತ್ತು ವರ್ಷಕ್ಕೆ ಅವರು ಬಾಯಿ ತೆರೆಯುವ ಮೊದಲೇ ಉತ್ತರ ಹೇಳಿ ತಟ್ಟೆ ಇಡುವುದು ರೂಢಿಯಾಯಿತು. ಆದರೂ ನನಗೆ ಒಂದು ಆಸೆ ಇತ್ತು, ನಾಚಿಕೆ ಬಿಟ್ಟು ಹೇಳುತ್ತೇನೆ. ಒಂದು ದಿನ, ಒಂದೇ ಒಂದು ದಿನ, ಈ ಹೆಂಗಸು ಏನೂ ಕೇಳದೆ ನನ್ನ ಕೈಯಿಂದ ತಗೊಂಡು ತಿನ್ನಬೇಕು.

ಹೋದ ಬೇಸಿಗೆಯಲ್ಲಿ ಅವರಿಗೆ ಜ್ವರ ಬಂತು. ಬಳ್ಳಾರಿ ಬೇಸಿಗೆ ನಿಮಗೆ ಗೊತ್ತಲ್ಲ, ಜ್ವರ ಇಲ್ಲದವರ ಮೈಯೂ ಸುಡುತ್ತಿರುತ್ತದೆ. ಐದು ದಿನಕ್ಕೆ ಜ್ವರ ಇಳಿಯಿತು, ಆದರೆ ಬಾಯಿರುಚಿಯನ್ನೂ ಕರಕೊಂಡು ಹೋಯಿತು. ಗಂಜಿ ಕೊಟ್ಟರೆ ಬೇಡ, ಮೆತ್ತಗೆ ಮಾಡಿದ ಅನ್ನ ಬೇಡ, ಜೋಳದ ಅಂಬಲಿ ಬೇಡ. ಮೂಸಿ ನೋಡಿ ಮುಖ ತಿರುವುತ್ತಾರೆ.

ಇದರಲ್ಲಿ ಇನ್ನೊಂದು ತೊಡಕು. ನಮ್ಮ ಅತ್ತೆಗೆ ತಟ್ಟೆಯಲ್ಲಿ ಬಂದದ್ದು ಪ್ರಸಾದ. ಒಂದು ಅಗುಳು ಬಿಡುವ ಹಾಗಿಲ್ಲ. ಉಂಡಾದ ಮೇಲೆ ತಟ್ಟೆಗೆ ನೀರು ಹಾಕಿ, ಬೆರಳಾಡಿಸಿ, ತೊಳೆದ ಆ ನೀರನ್ನೂ ಕುಡಿದೇ ಏಳಬೇಕು. ಗಟ್ಟಿ ಇದ್ದಾಗ ಇದು ಒಳ್ಳೆಯ ಪದ್ಧತಿಯೇ. ಆದರೆ ಕಾಯಿಲೆಯಾದಾಗ? ನಾವಾದರೆ ಎರಡು ತುತ್ತು ತಿಂದು ಉಳಿದದ್ದು ಬಿಡುತ್ತೇವೆ. ಅವರು ಬಿಡುವ ಹಾಗಿಲ್ಲವಲ್ಲ, ಅದಕ್ಕೆ ಹಾಕಿಸಿಕೊಳ್ಳುವುದೇ ಇಲ್ಲ. "ಒಂದು ಚಮಚ ಆದ್ರೂ ತಗೋರಿ" ಅಂದರೆ, "ಮುಗಸಾಕ ಆಗಲಿಲ್ಲಂದ್ರ ಏನ್ಮಾಡ್ಲಿ?" ಅನ್ನುತ್ತಿದ್ದರು. ಹತ್ತು ಹನ್ನೆರಡು ದಿನ ಬರೀ ಮಜ್ಜಿಗೆ, ಎಳನೀರು. ಕೈಯ ಬೆಳ್ಳಿ ಕಡಗ ಮೊಣಕೈತನಕ ಜಾರತೊಡಗಿತು.

ಡಾಕ್ಟರು ನಾಡಿ ನೋಡಿ, ನಾಲಿಗೆ ನೋಡಿ, ನನ್ನನ್ನು ಹೊರಗೆ ಕರೆದು ಹೇಳಿದರು. "ಏನು ಇಷ್ಟ ಪಡ್ತಾರೋ ಅದು ಕೊಡ್ರಿ. ಏನಾದ್ರೂ ಸರಿ. ಹಿಂಗ ಇನ್ನೊಂದು ವಾರ ಆದ್ರ ಅಡ್ಮಿಟ್ ಮಾಡಿ ಮೂಗಿಗೆ ನಳಿಗೆ ಹಾಕಬೇಕಾಗ್ತದ." ಅತ್ತೆ ಒಳಗಿನಿಂದ ಅದನ್ನು ಕೇಳಿಸಿಕೊಂಡಿದ್ದರು. ದವಾಖಾನೆಯಲ್ಲಿ ಸ್ನಾನ ಎಲ್ಲಿ, ಪೂಜೆ ಎಲ್ಲಿ. ಆಟೋದಲ್ಲಿ ನನ್ನ ಕೈ ಹಿಡಿದುಕೊಂಡು, "ಅಲ್ಲಿ ಒಯ್ಯಬ್ಯಾಡ್ರಿ ನನ್ನ" ಅಂದರು. ಆ ಕೈಯಲ್ಲಿ ತೂಕವೇ ಇರಲಿಲ್ಲ. ಅವತ್ತಿನಿಂದ ನನಗೆ ನಿದ್ದೆ ಇಲ್ಲ, ಊಟ ಇಲ್ಲ. ಹೊಲಿಗೆ ಯಂತ್ರದ ಮುಂದೆ ಕೂತರೆ ಒಂದು ತೋಳು ಉದ್ದ, ಒಂದು ತೋಳು ಗಿಡ್ಡ.

ಏನು ಮಾಡಿ ಕೊಟ್ಟರೆ ತಿಂದಾರು ಅಂತ ಯೋಚಿಸುತ್ತ ಕೂತಾಗ ಬ್ರೆಡ್ಡು ನೆನಪಾಯಿತು. ಸಿರುಗುಪ್ಪದಲ್ಲಿ ನಮ್ಮ ಬಾಲ್ಯದಲ್ಲಿ ಬ್ರೆಡ್ಡು ಅಂದರೆ ಜ್ವರ, ಜ್ವರ ಅಂದರೆ ಬ್ರೆಡ್ಡು. ಸುತ್ತ ಎತ್ತ ನೋಡಿದರೂ ಭತ್ತದ ಗದ್ದೆ, ಮೂರು ಹೊತ್ತೂ ಅನ್ನ. ಅಂಥಲ್ಲಿ ಅಪ್ಪ ಕೈಯಲ್ಲಿ ಬ್ರೆಡ್ಡಿನ ಪೊಟ್ಟಣ ಹಿಡಿದುಕೊಂಡು ಓಣಿಯಲ್ಲಿ ಬಂದರೆ ಸಾಕು, ನಾಲ್ಕು ಮನೆಯವರು ಹೊರಗೆ ಬಂದು "ಯಾರಿಗೆ ಆರಾಮಿಲ್ಲ?" ಅಂತ ಕೇಳುತ್ತಿದ್ದರು. ಬಿಸಿ ಹಾಲಲ್ಲಿ ಸಕ್ಕರೆ ಹಾಕಿ ಅದ್ದಿ ಕೊಡುವರು. ನನ್ನ ತಂಗಿ ಗಿರಿಜಾ ಅದರ ಆಸೆಗೆ ಕಂಕುಳಲ್ಲಿ ಉಳ್ಳಾಗಡ್ಡಿ ಇಟ್ಟುಕೊಂಡು ಮೈ ಬಿಸಿ ಮಾಡಿಕೊಳ್ಳಲು ನೋಡುತ್ತಿದ್ದಳು. ಮೈ ಬಿಸಿಯಾಗಲಿಲ್ಲ, ಶಾಲೆಯಲ್ಲಿ ವಾಸನೆಗೆ ಪಕ್ಕದ ಹುಡುಗಿ ಎದ್ದು ಹೋದಳು, ಅಷ್ಟೇ. ನಾನು ಮಾತ್ರ ಖರೇನೇ ಜ್ವರ ಬಂದಾಗಲೂ ಬ್ರೆಡ್ಡು ಕಂಡರೆ ಹೆದರುತ್ತಿದ್ದೆ. ಬ್ರೆಡ್ಡು ತಂದಿದ್ದಾರೆ ಅಂದರೆ ನನಗೆ ಹೇಳದ ಏನೋ ದೊಡ್ಡ ರೋಗ ಇರಬೇಕು ಅಂತ.

ಹೇಳಬಂದದ್ದು ಏನಂದರೆ, ನಮ್ಮ ಅತ್ತೆಯ ನೇಮದಲ್ಲೂ ಬ್ರೆಡ್ಡಿಗೆ ಔಷಧದ ಸ್ಥಾನ ಇತ್ತು. ಬೇಕರಿಯ ಬೇರೆ ಯಾವುದನ್ನೂ ಮುಟ್ಟದವರು ಕಾಯಿಲೆಯಲ್ಲಿ ಅದನ್ನು ತಿಂದಿದ್ದರು. ಆದರೆ ಹಾಲು ಬ್ರೆಡ್ಡೂ ಈ ಸಲ ಒಲ್ಲೆ ಅಂದರು, ವಾಕರಿಕೆ ಅಂತ. ಹಾಗಿರುವಾಗ ಫೋನಿನಲ್ಲಿ ಒಬ್ಬಳು ಹುಡುಗಿ ಇಟಲಿ ಮಾದರಿಯ ಸ್ಯಾಂಡ್‌ವಿಚ್ಚು ಮಾಡುವುದನ್ನು ನೋಡಿದೆ. ಮಾಂಸ ಇಲ್ಲ, ತತ್ತಿ ಇಲ್ಲ. ಬ್ರೆಡ್ಡು, ಟೊಮೆಟೊ, ಚೀಸು, ಮೇಲೆ ಎಂಥದೋ ಎಲೆ. ಎರಡೇ ನಿಮಿಷದ ಕೆಲಸ. ಇದರಲ್ಲಿ ತಪ್ಪಲು ಏನಿದೆ ಅಂದುಕೊಂಡೆ. ನನ್ನಂಥವಳು ಹಾಗೆ ಅಂದುಕೊಳ್ಳಬಾರದಿತ್ತು.

ಆ ಎಲೆ ಸಿಗಲಿಲ್ಲ. ಗಾಂಧಿನಗರದ ಕಾಯಿಪಲ್ಲೆಯವಳು ಹೆಸರು ಕೇಳಿ ಪುದೀನ ಕೊಟ್ಟಳು. ಮನೆಗೆ ಬಂದು ವೀಡಿಯೊ ನಿಲ್ಲಿಸಿ, ಚಿತ್ರ ದೊಡ್ಡದು ಮಾಡಿ ನೋಡಿದರೆ, ಅಯ್ಯ, ಇದು ನಮ್ಮ ಮಾಳಿಗೆ ಮೇಲಿನ ಕುಂಡದಲ್ಲಿರುವ ಕಾಮಕಸ್ತೂರಿ. ಮಲ್ಲಿಗೆಯ ನಡುವೆ ಸೇರಿಸಿ ಕಟ್ಟಿ ತುರುಬಿಗೆ ಮುಡಿಯುತ್ತಾರಲ್ಲ, ಅದೇ ಜಾತಿ. ತಲೆಗೆ ಮುಡಿಯುವುದನ್ನು ಇಟಲಿಯವರು ರೊಟ್ಟಿಯಲ್ಲಿ ಇಟ್ಟು ತಿನ್ನುತ್ತಾರೆ. ಇರಲಿ, ಅವರವರ ಪದ್ಧತಿ. ತಿಂದರೆ ಏನಾದರೂ ಆದೀತೋ ಅಂತ ಮೊದಲು ನಾನೇ ನಾಲ್ಕು ಎಲೆ ಅಗಿದು, ಒಂದು ತಾಸು ಕಾದು, ಏನೂ ಆಗದ ಮೇಲೆ ಕೆಲಸಕ್ಕೆ ಇಳಿದೆ.

ಚೀಸು ತಂದದ್ದು ನಮ್ಮ ಕಡೆ ಹೊಸದಾಗಿ ಆಗಿರುವ ದೊಡ್ಡ ಅಂಗಡಿಯಿಂದ. ತಂದ ತಕ್ಷಣ ಪ್ಯಾಕೆಟ್ಟು ಹರಿದು, ಚೀಸನ್ನು ಸ್ಟೀಲ್ ಡಬ್ಬಿಗೆ ಹಾಕಿ, ಪ್ಯಾಕೆಟ್ಟು ಕಸಕ್ಕೆ ಎಸೆದೆ. ಇದು ಅತ್ತೆಯೇ ಕಲಿಸಿದ ಕ್ರಮ. ಅಂಗಡಿಯ ಪ್ಯಾಕೆಟ್ಟನ್ನು ಯಾರ್ಯಾರು ಮುಟ್ಟಿರುತ್ತಾರೋ, ಅದು ನಮ್ಮ ಅಡುಗೆಮನೆಯ ಒಳಗೆ ಉಳಿಯಬಾರದು. ಬೇಳೆಯಾಗಲಿ ಸಕ್ಕರೆಯಾಗಲಿ ಹೊಸ್ತಿಲಲ್ಲೇ ನಮ್ಮ ಡಬ್ಬಿಗೆ ಸುರಿದುಕೊಂಡು ಒಳಗೆ ಬರಬೇಕು. ಮೂವತ್ತನಾಲ್ಕು ವರ್ಷ ಹಾಗೆಯೇ ಮಾಡಿದ್ದೇನೆ, ಅವತ್ತೂ ಹಾಗೆಯೇ ಮಾಡಿದೆ.

ಒಲೆಯ ಮೇಲೆ ರೊಟ್ಟಿಯ ಹಂಚು ಇಟ್ಟೆ. ಬ್ರೆಡ್ಡಿಗೆ ಬೆಳ್ಳುಳ್ಳಿ ಎಸಳು ಉಜ್ಜಿ, ಇಟಲಿ ಎಣ್ಣೆಯ ಬದಲು ಶೇಂಗಾ ಎಣ್ಣೆ ಸವರಿದೆ. ಟೊಮೆಟೊ ತೆಳ್ಳಗೆ ಕೊಯ್ದು, ಉಪ್ಪು, ಒಂದು ಚಿಟಿಕೆ ಮೆಣಸಿನ ಪುಡಿ. ಚೀಸು ತುರಿದು ಹರಡಿ, ಆರೇಳು ಕಾಮಕಸ್ತೂರಿ ಎಲೆ ಇಟ್ಟು, ಇನ್ನೊಂದು ತುಂಡು ಮುಚ್ಚಿ, ಮೇಲೊಂದು ತಾಮ್ರದ ಚೊಂಬು ಹೇರಿದೆ. ಬಿಸಿ ತಾಗಿದ್ದೇ ತಡ, ಎಲೆಯ ವಾಸನೆ ಇಡೀ ಮನೆ ತುಂಬಿತು.

ಒಳಕೋಣೆಯಿಂದ ಅತ್ತೆಯ ಧ್ವನಿ. "ಶಾಂತಾ, ಯಾರು ಬಂದಾರ?"

"ಯಾರೂ ಇಲ್ಲರಿ."

"ಕಾಮಕಸ್ತೂರಿ ಮುಡಕೊಂಡು ಯಾರೋ ಬಂದಂಗಾತು."

ಅರ್ಧ ತುಂಡು, ಅರ್ಧವೇ, ಸಣ್ಣ ತಟ್ಟೆಯಲ್ಲಿ ಇಟ್ಟುಕೊಂಡು ಹೋದೆ. ಅವರು ಎದ್ದು ಕೂತಿದ್ದರು. ತಟ್ಟೆಯನ್ನು ಮೂಗಿನ ಹತ್ತಿರ ಹಿಡಿದು ಬಹಳ ಹೊತ್ತು ಹಾಗೇ ಇದ್ದರು. ಮಾವನವರು ತೀರಿಕೊಂಡ ಮೇಲೆ ಅವರು ಹೂವು ಮುಡಿದವರಲ್ಲ. ಮಾಲೆ ಕಟ್ಟುವಾಗ ಕೂಡ ದೂರ ಕೂಡುತ್ತಿದ್ದರು. "ಕುರುಗೋಡಾಗ ನಮ್ಮ ಬಾವಿ ಕಟ್ಟಿ ಸುತ್ತ ಇದರದೇ ಪೊದಿ. ನೀರಿಗೆ ಹೋದಾಗ ಸೀರಿ ತಾಗಿದ್ರ ಸಾಕು, ಸಂಜಿತನ ವಾಸನಿ" ಅಂದರು. ಮಾತು ಮುಗಿಸಿ ಒಂದು ತುಂಡು ಮುರಿದು ಬಾಯಿಗೆ ಹಾಕಿಕೊಂಡರು. ಆಮೇಲೆ ಇನ್ನೊಂದು. ನಾನು ಬಾಗಿಲಲ್ಲೇ ನಿಂತಿದ್ದೆ. ಅರ್ಧವೂ ಮುಗಿಯಿತು. ತಟ್ಟೆಗೆ ನೀರು ಹಾಕಿ, ಚೂರುಪಾರು, ಅಂಟಿದ ಚೀಸು ಎಲ್ಲ ಬೆರಳಿನಿಂದ ಕದಡಿ ಕುಡಿದು, ಬಾಯಿ ಒರೆಸಿಕೊಂಡರು.

ಅಡುಗೆಮನೆಗೆ ಬಂದ ಮೇಲೆ ನನಗೆ ಹೊಳೆಯಿತು. ಎಲ್ಲಿಂದ ತಂದಿ, ಏನು ಹಾಕಿದಿ, ಯಾರ ಅಂಗಡಿ, ಒಂದೂ ಕೇಳಲಿಲ್ಲ. ಮೂವತ್ತನಾಲ್ಕು ವರ್ಷದಲ್ಲಿ ಮೊದಲ ಸಲ. ಕಟ್ಟೆಯ ಮೇಲೆ ಕೈಯೂರಿ ನಿಂತು ಅತ್ತುಬಿಟ್ಟೆ.

ಒಂದು ವಾರ ನಮ್ಮ ಮನೆಯಲ್ಲಿ ಹಬ್ಬ. ದಿನಾ ಎರಡು ಹೊತ್ತು ಅರ್ಧರ್ಧ ಸ್ಯಾಂಡ್‌ವಿಚ್ಚು. ಅತ್ತೆ ಗೋಡೆ ಹಿಡಿದು ಅಂಗಳದವರೆಗೆ ನಡೆದರು. ಡಾಕ್ಟರು, ಅದೇನು ಕೊಡುತ್ತಿದ್ದೀರೋ ಅದನ್ನೇ ಕೊಡಿ ಅಂದರು. ಇಷ್ಟು ಸುಖ ನನಗೆ ಆಗಿಬರುವುದಿಲ್ಲ ಅಂತ ನನಗೆ ಗೊತ್ತಿರಬೇಕಿತ್ತು.

ಎಂಟನೆಯ ದಿನ ಗಿರಿಜಾಗೆ ಫೋನು ಮಾಡಿ ಹೆಮ್ಮೆಯಿಂದ ಎಲ್ಲ ಹೇಳಿದೆ. ಅವಳು ಸಿರುಗುಪ್ಪದಲ್ಲಿ ಕೂತು ಫೋನಿನಲ್ಲಿ ಲೋಕದ ಎಲ್ಲ ಅಡುಗೆಯ ಒಳಗುಟ್ಟು ತಿಳಿದುಕೊಳ್ಳುವವಳು.

"ಅಕ್ಕಾ, ಯಾವ ಚೀಸು ಅದು?"

"ಚೀಸು ಅಂದ್ರ ಚೀಸು. ಹಾಲಿಂದು."

"ಹಾಲಿಂದು ಖರೇ. ಹಾಲು ಒಡಿಯಾಕ ಕೆಲವಕ್ಕ ಕರುವಿನ ಹೊಟ್ಟ್ಯಾಗಿಂದು ಏನೋ ತಗದು ಹಾಕ್ತಾರಂತ. ಎಲ್ಲಾದಕ್ಕೂ ಅಲ್ಲ ಮತ್ತ. ಹಸರ ಚುಕ್ಕಿ ಐತಿಲ್ಲ ನೋಡು, ಇದ್ರ ಏನೂ ಭಯ ಇಲ್ಲ."

ಪ್ಯಾಕೆಟ್ಟು ಎಲ್ಲಿದೆ ನೋಡಲು? ಡಬ್ಬಿ ತೆರೆದು ನೋಡಿದೆ. ಹಳದಿ ಬಣ್ಣದ ಒಂದು ಸಣ್ಣ ತುಂಡು ಉಳಿದಿತ್ತು. ಅದರ ಮೇಲೆ ಏನು ಬರೆದಿರುತ್ತದೆ. ಡಬ್ಬಿಗೆ ಮೂರು ಸಲ ಸೋಪು ಹಾಕಿ ತಿಕ್ಕಿದೆ. ಆಮೇಲೆ ಹಂಚು ತಿಕ್ಕಿದೆ. ಆಮೇಲೆ ತುರಿಮಣೆ. ಪ್ಯಾಕೆಟ್ಟು ಹೋಗಿ ವಾರವಾದರೂ, ಬೆಳಿಗ್ಗೆ ಕಸದ ಗಾಡಿ ಬಂದಾಗ ಓಡಿಹೋಗಿ, "ಅಣ್ಣಾ, ಹೋದ ಮಂಗಳಾರ ಒಯ್ದ ಒಣಕಸ ಎಲ್ಲಿ ಸುರೀತೀರಿ?" ಅಂತ ಕೇಳಿದೆ. ಅವನು ನನ್ನ ಮುಖ ನೋಡಿ, "ಬಂಗಾರ ಏನಾದ್ರೂ ಕಳಕೊಂಡ್ರೇನಮ್ಮಾ?" ಅಂತ ಮರುಕಪಟ್ಟ. ಅಲ್ಲಪ್ಪಾ, ಚೀಸಿನ ಪ್ಯಾಕೆಟ್ಟು ಅಂದೆ. ಗಾಡಿ ಮುಂದೆ ಹೋಯಿತು.

ದೊಡ್ಡ ಅಂಗಡಿಗೆ ಹೋದೆ. ತಣ್ಣನೆಯ ಗಾಜಿನ ಕಪಾಟಿನಲ್ಲಿ ಎರಡು ಥರದ ಚೀಸು ಅಕ್ಕಪಕ್ಕ ಕೂತಿದ್ದವು. ಎರಡರ ಮೇಲೂ ಆಕಳ ಚಿತ್ರ, ಎರಡೂ ಹಳದಿ. ಒಂದಕ್ಕೆ ಹಸಿರು ಚುಕ್ಕೆ ಢಾಳಾಗಿ ಕಾಣುತ್ತಿತ್ತು. ಇನ್ನೊಂದು ಪರದೇಶದ್ದು, ನನಗೆ ಬಾರದ ಭಾಷೆಯ ಅಕ್ಷರ, ಮೇಲೆ ರೇಟಿನ ಚೀಟಿ ಏನನ್ನೋ ಮುಚ್ಚಿತ್ತು. ನಾನು ಒಯ್ದದ್ದು ಯಾವುದು? ಆಕಳ ಮುಖ ನೆನಪಿತ್ತು, ಅದು ಎಡಕ್ಕೆ ನೋಡುತ್ತಿತ್ತೋ ಬಲಕ್ಕೋ ನೆನಪಾಗಲಿಲ್ಲ. ಅರ್ಧ ತಾಸು ಅಲ್ಲೇ ನಿಂತೆ. ಚಳಿಗೆ ಕೈ ಮರಗಟ್ಟಿತು, ನೆನಪು ಬರಲಿಲ್ಲ.

ನಮ್ಮವರಿಗೆ ಹೇಳಿದೆ. ಅವರು ಪೇಪರು ಮಡಿಚಿಟ್ಟು, ಧ್ವನಿ ಇಳಿಸಿ, "ಅವ್ವಗ ಹೇಳಿದ್ರ ಏನಾಗ್ತದ ಗೊತ್ತೈತಿಲ್ಲ? ಬ್ರೆಡ್ಡೂ ಬಿಡ್ತಾಳ, ನಿನ್ನ ಕೈಯಾಗಿಂದು ನೀರೂ ಬಿಡ್ತಾಳ. ಆಮ್ಯಾಲೆ ಎಲ್ಲಿಗೆ ಒಯ್ಬೇಕು ಆಕಿನ್ನ? ಸುಮ್ನಿರು" ಅಂದರು.

"ತಪ್ಪಾಗೇತಲ್ಲರಿ."

"ಆಗೇತೋ ಇಲ್ಲೋ ನಿನಗ ಗೊತ್ತಿಲ್ಲ. ನಿನ್ನ ಮನಸ್ಸಿಗೆ ಸಮಾಧಾನ ಆಗ್ಲಿ ಅಂತ ನಮ್ಮವ್ವನ್ನ ಉಪಾಸ ಕೆಡವಬ್ಯಾಡ."

ಅವರ ಮಾತಲ್ಲಿ ಸುಳ್ಳಿರಲಿಲ್ಲ. ಹೇಳಿದರೆ ಹಗುರಾಗುವವಳು ನಾನು, ಬಡವಾಗುವವರು ಅತ್ತೆ. ಆದರೆ ಸುಮ್ಮನಿದ್ದರೆ? ಇಡೀ ಜನ್ಮದಲ್ಲಿ ಒಂದು ಸಲ ಅವರು ಕೇಳದೆ ತಿಂದರು, ಅದೇ ಒಂದು ಸಲ ನಾನು ನೋಡದೆ ಕೊಟ್ಟೆ. ಕೇಳಿದ್ದರೆ ನೋಡುತ್ತಿದ್ದೆ. ಅವರ ಆ ಪ್ರಶ್ನೆಗಳನ್ನೆಲ್ಲ ಅಷ್ಟು ವರ್ಷ ಬೈದುಕೊಂಡವಳು ಈಗ ಒಂದೊಂದನ್ನೂ ನೆನೆಸಿಕೊಂಡು ಒದ್ದಾಡಿದೆ.

ಮಧ್ಯದ ದಾರಿ ಒಂದು ಹುಡುಕಿದೆ, ಹೆದರುಪುಕ್ಕರು ಹುಡುಕುವಂಥದ್ದು. ಗಟ್ಟಿ ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ತೂಗುಹಾಕಿ, ನೀರೆಲ್ಲ ಇಳಿದ ಮೇಲೆ ಉಪ್ಪು ಹಾಕಿ ಕಲಸಿ, ಚೀಸಿನ ಜಾಗದಲ್ಲಿ ಹಚ್ಚತೊಡಗಿದೆ. ಬಾಯಿಂದ ಏನೂ ಹೇಳಲಿಲ್ಲ. ಅತ್ತೆಯೂ ಏನೂ ಕೇಳಲಿಲ್ಲ. ಅರ್ಧ ತಿಂದು, ತಟ್ಟೆ ತೊಳೆದು ಕುಡಿದು, ಮಲಗುತ್ತಿದ್ದರು. ಅವರು ಕುಡಿಯುವಾಗ ನಾನು ಬೇರೆ ಕಡೆ ನೋಡುತ್ತಿದ್ದೆ. ಹೀಗೆ ಐದು ದಿನ.

ಆ ಭಾನುವಾರ ಗಿರಿಜಾ ಅತ್ತೆಯನ್ನು ನೋಡಲು ಸಿರುಗುಪ್ಪದಿಂದ ಬಂದಳು, ಒಂದು ಚೀಲ ಹೊಸ ಅಕ್ಕಿ ಹೊತ್ತುಕೊಂಡು. ಅತ್ತೆಗೆ ಅವತ್ತು ಹುರುಪು. ಅವಳನ್ನು ಪಕ್ಕದಲ್ಲಿ ಕೂಡಿಸಿಕೊಂಡು, ನಾನು ಕೇಳಿಸಿಕೊಳ್ಳಲಿ ಅಂತಲೇ ಧ್ವನಿ ಎತ್ತಿ ಹೇಳಿದರು. "ನಿಮ್ಮ ಅಕ್ಕ ನನ್ನ ಬದುಕಿಸಿದ್ಲು ನೋಡವ್ವಾ. ಈಗ ನಾ ಏನೂ ಕೇಳಂಗಿಲ್ಲ. ಆಕಿ ಏನು ಕೊಟ್ರೂ ಕಣ್ಣು ಮುಚ್ಚಿ ತಿಂತೀನಿ."

ಗಿರಿಜಾಗೆ ಚಹಾ ನೆತ್ತಿಗೇರಿತು. ಕೆಮ್ಮುತ್ತ ಕೆಮ್ಮುತ್ತ ನನ್ನ ಮುಖ ನೋಡಿದಳು. ನಾನು ಅವಳ ಮುಖ ನೋಡಲಿಲ್ಲ.

ಅವಳು ಬಸ್ಸಿಗೆ ಹೋದ ಮೇಲೆ ಅತ್ತೆಯ ಮಂಚದ ಹತ್ತಿರ ಹೋಗಿ ನೆಲದ ಮೇಲೆ ಕೂತೆ. ಇಷ್ಟು ವರ್ಷ ಬಯಸಿದ ಮಾತು ಕೇಳಿಯಾಗಿತ್ತು, ಅದನ್ನು ಇಟ್ಟುಕೊಳ್ಳಲು ನನ್ನಿಂದ ಆಗಲಿಲ್ಲ. ಎಲ್ಲ ಹೇಳಿದೆ. ಚೀಸು, ಕರು, ಪ್ಯಾಕೆಟ್ಟು, ಕಸದ ಗಾಡಿ, ಎರಡು ಆಕಳು. "ಆ ಚೀಸು ಎಂಥಾದ್ದೋ ನನಗ ಖರೇನೇ ಗೊತ್ತಿಲ್ಲರಿ. ನಾ ನೋಡಬೇಕಾಗಿತ್ತು, ನೋಡಲಿಲ್ಲ."

ಅತ್ತೆ ಕೊರಳಿನ ಲಿಂಗವನ್ನು ಸೆರಗಿನ ಮೇಲಿಂದ ಹಿಡಿದುಕೊಂಡರು.

"ಐದು ದಿನದಿಂದ ಮೊಸರು ಹಚ್ಚಾಕತ್ತಿ" ಅಂದರು.

"ಗೊತ್ತಾತೇನ್ರಿ?"

"ಹಲ್ಲು ಹೋಗ್ಯಾವ. ನಾಲಿಗಿ ಹೋಗಿಲ್ಲ."

"ಮತ್ತ ಯಾಕ ಕೇಳಲಿಲ್ಲ?"

"ನೀನ ಹೇಳ್ತಿ ಅಂತ ಕಾಯಾಕತ್ತಿದ್ನಿ."

ಇಷ್ಟು ಹೇಳಿ ಗೋಡೆ ಕಡೆ ತಿರುಗಿ ಮಲಗಿದರು. ಸಂಜೆ ತಟ್ಟೆ ಒಯ್ದರೆ, "ಇವತ್ತು ಬ್ಯಾಡ" ಅಂದರು. ಮಜ್ಜಿಗೆಯೂ ಬೇಡ. ನಮ್ಮವರು ತುಂಬಿದ ತಟ್ಟೆ ನೋಡಿ, ನನ್ನ ಮುಖ ನೋಡಿ, ಪೇಪರು ಎತ್ತಿಕೊಂಡರು. ಬೈದಿದ್ದರೆ ಚೆನ್ನಾಗಿತ್ತು. ಡಾಕ್ಟರು ಹೇಳಿದ ನಳಿಗೆ, ಆಟೋದಲ್ಲಿ ಹಿಡಿದ ಆ ತೂಕವಿಲ್ಲದ ಕೈ, ಎಲ್ಲ ಕಣ್ಣ ಮುಂದೆ ಬಂದವು. ನನ್ನ ಪ್ರಾಮಾಣಿಕತೆಗೆ ಬೆಂಕಿ ಬೀಳಲಿ ಅಂತ ನನ್ನನ್ನೇ ಬೈದುಕೊಂಡೆ. ಸಮಾಧಾನ ಬೇಕಾಗಿತ್ತು ನನಗೆ, ತಗೊಂಡೆ. ಈಗ ಅನುಭವಿಸು.

ಮರುದಿನ ಸೋಮವಾರ. ಅತ್ತೆ ಸ್ನಾನ ಮಾಡಿ ಪೂಜೆಗೆ ಕೂತರು. ದಿನಕ್ಕಿಂತ ಎರಡು ಪಟ್ಟು ಹೊತ್ತು ಹಿಡಿಯಿತು. ನಾನು ಬಾಗಿಲ ಹೊರಗೆ ಕೂತು ಒಂದು ಬ್ಲೌಸಿನ ಹುಕ್ಕು ಹಚ್ಚಿ, ಬಿಚ್ಚಿ, ಮತ್ತೆ ಹಚ್ಚಿದೆ. ಪೂಜೆ ಮುಗಿಸಿ ಲಿಂಗ ಕಟ್ಟಿಕೊಂಡು ನನ್ನನ್ನು ಒಳಗೆ ಕರೆದರು.

"ತಪ್ಪು ಇಬ್ರದೂ ಐತಿ. ನಾ ಕೇಳಲಿಲ್ಲ, ನೀ ನೋಡಲಿಲ್ಲ" ಅಂದರು, ಪಂಚಾಯ್ತಿಯಲ್ಲಿ ಹಿರಿಯರು ಹೇಳುವ ಧಾಟಿಯಲ್ಲಿ. "ಐದೈದು ಸೋಮಾರ ಉಪಾಸ ಹಿಡೀಬೇಕು."

ಐದು ಉಪವಾಸ. ಈ ಮೈಯಲ್ಲಿ. "ಅತ್ತಿ, ನಿಮ್ಮ ಕಾಲು ಬೀಳ್ತೀನಿ, ನಿಮಗ ಆಗಂಗಿಲ್ಲರಿ" ಅಂತ ಕೈ ಮುಗಿದೆ.

"ನನಗ ಹೆಂಗ ಆಗ್ತದ? ಡಾಕ್ಟ್ರು ಬ್ಯಾಡಂದಾರಲ್ಲ" ಅಂದರು, ನಾನೇ ಏನೋ ತಿಳಿಗೇಡಿ ಅನ್ನುವಂತೆ. "ನನ್ನ ಐದೂ ನೀನ ಹಿಡಿ. ಒಟ್ಟು ಹತ್ತು. ಇವತ್ತಿಂದ ಶುರು ಮಾಡು."

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ, ಎರಡನ್ನೂ ಮಾಡಿದೆ. ಅವರು ಅದನ್ನು ಗಮನಿಸದೆ, "ಆ ಎಲಿದು ಮಾಡಿಕೊಂಡು ಬಾ. ಬ್ರೆಡ್ಡು ಯಾವ ಬೇಕರೀದು? ಅಲ್ಲಿ ತತ್ತಿ ಹಾಕಿದ್ದು ಮಾಡ್ತಾರೇನು? ಎಣ್ಣಿ ಯಾವುದು?" ಅಂತ ಶುರು ಮಾಡಿದರು. ಒಂದೊಂದಕ್ಕೂ ನಿಂತು ಉತ್ತರ ಹೇಳಿದೆ. ಈ ಸಲ ಎಸೆಯದೆ ಇಟ್ಟಿದ್ದ ಬ್ರೆಡ್ಡಿನ ಪೊಟ್ಟಣ ತಂದು ತೋರಿಸಿದೆ. ಮೊಸರು ನಮ್ಮ ಮನೆಯದೇ, ಹಾಲು ನಮ್ಮ ಹಾಲಿನವನದೇ, ಅವನ ಎಮ್ಮೆಯನ್ನೂ ಬೇಕಾದರೆ ಕರೆಸುತ್ತೇನೆ ಅಂದೆ. "ಎಮ್ಮಿ ಬ್ಯಾಡ" ಅಂದರು ಗಂಭೀರವಾಗಿ.

ಬೆಳಗಿನಿಂದ ನನ್ನ ಹೊಟ್ಟೆಯಲ್ಲಿ ನೀರು ಬಿಟ್ಟರೆ ಏನೂ ಇರಲಿಲ್ಲ. ಬೆಳ್ಳುಳ್ಳಿ ಉಜ್ಜಿದ ಬ್ರೆಡ್ಡು ಕೆಂಪಗೆ ಬೇಯುವ ವಾಸನೆಗೆ ಹೊಟ್ಟೆ ಗುರುಗುಟ್ಟಿತು. ಅರ್ಧ ಕೊಯ್ದು ಒಯ್ದು ಅವರ ಮುಂದೆ ಇಟ್ಟೆ. ಉಳಿದ ಅರ್ಧ ನಮ್ಮವರಿಗೆ ಕೊಟ್ಟೆ, ಅವರು ಅದನ್ನು ಎರಡೇ ತುತ್ತಿಗೆ ಮುಗಿಸಿ ಹೊರಗೆ ಹೋದರು. ಅತ್ತೆ ಮಾತ್ರ ಅವಸರವಿಲ್ಲದೆ ಮುರಿದು ಮುರಿದು ತಿಂದರು. ನಾನು ಎದುರು ಕೂತು ಅವರ ಕೈ ಎಲ್ಲಿ ನಿಲ್ಲುತ್ತದೋ, ಎಲ್ಲಿ ಸಾಕು ಅನ್ನುತ್ತಾರೋ ಅಂತ ಪ್ರತಿ ತುತ್ತನ್ನೂ ನೋಡುತ್ತಿದ್ದೆ. ಕೈ ನಿಲ್ಲಲಿಲ್ಲ. ತಟ್ಟೆ ಬರಿದಾಯಿತು. ನೀರು ಹಾಕಲು ನಾನು ಚೊಂಬು ಎತ್ತಿದೆ, ಅವರು ತಟ್ಟೆಯ ಮೇಲೆ ಅಂಗೈ ಅಡ್ಡ ಹಿಡಿದರು.

"ತಡಿ" ಅಂದರು. "ಇನ್ನರ್ಧ ಮಾಡು."

ಅವರ ಮನಸ್ಸು ಬದಲಾಗುವ ಮೊದಲೇ ಓಡಿಹೋಗಿ ಒಲೆ ಹಚ್ಚಿದೆ.